ಪೋರ್ಟ್‌ಫೋಲಿಯೊ ಕೆಲಸದ ದಾಖಲೆ: 68 ಪುಟಗಳಿಂದ 24 ಪುಟಗಳವರೆಗೆ

ಮೇ 11

ತೀಸಿಸ್‌ನ ಕೊನೆಯ ಜ್ಯೂರಿ (ತೀರ್ಪುಗಾರರ ಮುಂದೆ ಕೆಲಸ ಮಂಡಿಸುವ ಪರೀಕ್ಷೆ) ಮುಗಿಸಿಕೊಂಡು ಕೊಡಗಿನ ನಾಪೋಕ್ಲಿನ ಮನೆಗೆ ಬಂದು ನಾಲ್ಕು ದಿನಗಳಾದವು. ಐದು ವರ್ಷಗಳ ಬಿ.ಆರ್ಕ್ (ವಾಸ್ತುಶಿಲ್ಪ) ಪದವಿಯಲ್ಲಿ ಇನ್ನು ಉಳಿದಿರುವುದು ಫಲಿತಾಂಶ ಮಾತ್ರ. ಅದು ಬರುವುದರೊಳಗೆ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಆಯ್ದ ಸಂಗ್ರಹ, ಸಿದ್ಧವಿರಬೇಕು. ಹತ್ತು ಸೆಮಿಸ್ಟರ್‌ಗಳ ಶೀಟುಗಳನ್ನೆಲ್ಲ ಒಂದೇ ಫೈಲಿಗೆ ಸುರಿದು ನೋಡಿದಾಗ 68 ಪುಟಗಳಾದವು. ಮೊದಲ ವರ್ಷದ ಪೆನ್ಸಿಲ್ ಅಭ್ಯಾಸಗಳಿಂದ ತೀಸಿಸ್‌ನ ರೆಂಡರ್‌ಗಳವರೆಗೆ (ಕಂಪ್ಯೂಟರಿನಲ್ಲಿ ಮಾಡಿದ, ನಿಜದಂತೆ ಕಾಣುವ ಚಿತ್ರಗಳು) ಎಲ್ಲವೂ ಅಲ್ಲಿದ್ದವು. ಆದರೆ ಅವುಗಳನ್ನು ತಿರುವಿದವರಿಗೆ ನಾನು ಐದು ವರ್ಷ ಕಾಲೇಜಿಗೆ ಹೋಗಿದ್ದೆ ಎಂಬುದಷ್ಟೇ ತಿಳಿಯುತ್ತಿತ್ತು.

ಮುಖಪುಟದಲ್ಲಿ ಹೆಸರಿನ ಕೆಳಗೆ ಉತ್ಸಾಹದಿಂದ ಹಾಕಿಕೊಂಡಿದ್ದ ‘ಆರ್ಕಿಟೆಕ್ಟ್’ ಎಂಬ ಪದವನ್ನು ಈ ದಿನವೇ ತೆಗೆದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಬಳಸುವಂತಿಲ್ಲ.

ಮೇ 16

ಯಾವುದನ್ನು ಉಳಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕನೆಯ ವರ್ಷದ ಸ್ಟುಡಿಯೊ ಕೆಲಸವನ್ನು ಮತ್ತೆ ತೆರೆದು ನೋಡಿದಾಗ. ಮಕ್ಕಂದೂರಿನ ಕಡೆಯ ಒಂದು ಇಳಿಜಾರಿನಲ್ಲಿ ಸಮುದಾಯ ಭವನವೊಂದನ್ನು ವಿನ್ಯಾಸಗೊಳಿಸುವುದು ನಮಗೆ ಕೊಟ್ಟ ವಿಷಯವಾಗಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ಊರಿನಲ್ಲಿ ಮಣ್ಣನ್ನು ಎಷ್ಟು ಕಡಿಯುತ್ತೇವೆ ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು, ಏಕೆಂದರೆ ಇಳಿಜಾರಿನ ಬುಡವನ್ನು ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ, ಮಳೆನೀರು ಕುಡಿದ ಆ ಮಣ್ಣಿನ ಭಾರವೂ ಹೆಚ್ಚುತ್ತದೆ. ಆದರೂ ನನ್ನ ಮೊದಲ ಯೋಜನೆಯಲ್ಲಿ ಸಮತಟ್ಟಾದ ಒಂದು ದೊಡ್ಡ ಸಭಾಂಗಣಕ್ಕಾಗಿ ನಾಲ್ಕೂವರೆ ಮೀಟರ್ ಗುಡ್ಡ ಕಡಿದಿದ್ದೆ. ಒಂದು ಮೀಟರ್ ಅಂತರದ ಕಾಂಟೂರ್‌ಗಳ (ಸಮಾನ ಎತ್ತರವನ್ನು ಸೂಚಿಸುವ ಗೆರೆಗಳ) ಮೇಲೆ ಸೆಕ್ಷನ್ (ಕಟ್ಟಡವನ್ನೂ ನೆಲವನ್ನೂ ಸೀಳಿದಂತೆ ತೋರಿಸುವ ನಕ್ಷೆ) ಎಳೆದಾಗಲೇ ಅದು ಕಣ್ಣಿಗೆ ಬಿದ್ದದ್ದು. ಆಮೇಲೆ ಸಭಾಂಗಣವನ್ನು ಮೂರು ಹಂತಗಳಾಗಿ ಒಡೆದು, ಗದ್ದೆಯ ಏರಿಗಳಂತೆ ಇಳಿಸಿದಾಗ ಅತಿ ಆಳದ ಕಡಿತ 1.2 ಮೀಟರಿಗೆ ಬಂತು.

ಮಂಜು, ಹಸಿರು ಬೆಟ್ಟ, ನಗುತ್ತ ನಡೆಯುವ ಜನ, ಹೀಗೆ ಎಲ್ಲವೂ ಇದ್ದ ರೆಂಡರ್ ಶೀಟಿನಲ್ಲಿ ಈ ಕಥೆಯ ಸುಳಿವೇ ಇರಲಿಲ್ಲ. ಆದ್ದರಿಂದ ಎರಡು ಸೆಕ್ಷನ್‌ಗಳನ್ನು, ತಪ್ಪಿದ್ದನ್ನು ಮೇಲೆ ಮತ್ತು ತಿದ್ದಿದ್ದನ್ನು ಕೆಳಗೆ, ಒಂದೇ ಸ್ಕೇಲಿನಲ್ಲಿ ಇಟ್ಟೆ. ರೆಂಡರ್ ಅಂಗೈಯಗಲದ ಚಿತ್ರವಾಗಿ ಮೂಲೆ ಸೇರಿತು. ಪ್ರತಿ ಕೆಲಸದಲ್ಲೂ ನಾನು ಮನಸ್ಸು ಬದಲಿಸಿದ ಜಾಗ ಯಾವುದೆಂದು ಹುಡುಕುವುದು, ಅಂಥ ಜಾಗವಿಲ್ಲದ ಕೆಲಸವನ್ನು ಕೈಬಿಡುವುದು ಎಂದು ನಿರ್ಧರಿಸಿದೆ. ಸಂಜೆಯ ಹೊತ್ತಿಗೆ 68 ಪುಟಗಳು 31ಕ್ಕೆ ಇಳಿದಿದ್ದವು. ಒಳ್ಳೆಯ ಅಂಕ ಬಂದಿದ್ದ ಎರಡು ಯೋಜನೆಗಳೂ ಹೋದವು, ಹೊಟ್ಟೆ ಉರಿದದ್ದು ನಿಜ.

ಮೇ 22

ಈ ವಾರ ಪೂರ್ತಿ ಹಿಡಿದದ್ದು ಐನ್‌ಮನೆಯ, ಅಂದರೆ ಕೊಡವರ ಕುಲದ ಮೂಲಮನೆಯ, ಅಳತೆ ನಕ್ಷೆಗಳು. ಮೂರನೆಯ ವರ್ಷದಲ್ಲಿ ನಾವು ಆರು ಜನ ಕಕ್ಕಬ್ಬೆಯ ಕಡೆಯ, ಸಹಪಾಠಿಯೊಬ್ಬರ ಒಕ್ಕಕ್ಕೆ (ಕುಲಕ್ಕೆ) ಸೇರಿದ ಮನೆಯನ್ನು ಮೂರು ದಿನ ಟೇಪು ಹಿಡಿದು ಅಳೆದಿದ್ದೆವು. ಕೋಣೆಯ ನಾಲ್ಕು ಬದಿಗಳನ್ನು ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಕರ್ಣಗಳನ್ನೂ ಅಳೆಯಬೇಕು ಎಂಬುದನ್ನು ಕಲಿತದ್ದು ಅಲ್ಲಿಯೇ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ಎರಡು ಕರ್ಣಗಳ ನಡುವೆ 11 ಸೆಂಟಿಮೀಟರ್ ವ್ಯತ್ಯಾಸ ಬಂದಾಗ, ಕಣ್ಣಿಗೆ ಚೌಕವಾಗಿ ಕಾಣುತ್ತಿದ್ದ ಆ ಕೋಣೆ ಓರೆಯಾಗಿದೆ ಎಂದು ತಿಳಿಯಿತು. ಅದನ್ನು ನೇರ ಮಾಡದೆ ಇದ್ದ ಹಾಗೆಯೇ ಎಳೆದಿದ್ದೆವು.

ಹಳೆಯ ಶೀಟು ಎ1 ಗಾತ್ರದ್ದು. ಅದನ್ನು ಎ4ಕ್ಕೆ ಕುಗ್ಗಿಸಿದರೆ ಉದ್ದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉಳಿಯುತ್ತದೆ, ಅಷ್ಟೆ. 2.5 ಮಿಲಿಮೀಟರ್ ಎತ್ತರದ ಅಕ್ಷರ ಒಂದು ಮಿಲಿಮೀಟರಿಗೂ ಕಡಿಮೆಯಾಗಿ ಇರುವೆಯ ಸಾಲಿನಂತೆ ಕಂಡಿತು, ತೆಳು ಗೆರೆಗಳು ಮಾಯವಾದವು, 1:50 ಎಂದು ಬರೆದಿದ್ದ ಸ್ಕೇಲು 1:141 ಆಗಿ ಸುಳ್ಳಾಯಿತು. ಕುಗ್ಗಿಸುವುದನ್ನು ಬಿಟ್ಟು, ಗೆರೆಗಳ ದಪ್ಪವನ್ನು ಮೂರೇ ದರ್ಜೆಗಳಿಗೆ ಇಳಿಸಿ, ಅಕ್ಷರಗಳನ್ನು ಹೊಸದಾಗಿ ಹಾಕಿ, ಸಂಖ್ಯೆಯ ಬದಲು ಅಳತೆಪಟ್ಟಿಯನ್ನೇ ಚಿತ್ರದ ಕೆಳಗೆ ಕೂರಿಸಿ ಮತ್ತೆ ಎಳೆದೆ. ನಾಲ್ಕು ದಿನ ಹಿಡಿಯಿತು.

ಕೋಣೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬೇಕೆಂಬುದು ನನ್ನ ಹಟ. ಕೈಯಾಲೆಯನ್ನು ‘ವರಾಂಡ’ ಎಂದು ಬರೆದರೆ, ಕಂಬಗಳ ನಡುವೆ ಐಮರ (ಅಗಲವಾದ ಮರದ ಹಲಗೆ) ಹಾಸಿ ಹಿರಿಯರು ಕೂರುವ ಜಾಗ ಅದು ಎಂಬುದು ಅಳಿಸಿಹೋಗುತ್ತದೆ. ಆದರೆ ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ‘ನೆಲ್ಲಕ್ಕಿ’ ಎಂದು ಬರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಫಾಂಟಿನ ದೋಷವೆಂದು ಮೂರು ಫಾಂಟು ಬದಲಿಸಿ ಒಂದು ಸಂಜೆ ಕಳೆದೆ. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಂಡ ಕೂಡಲೇ ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಇಳಿದವು.

ಆರು ಜನರ ಕೆಲಸದಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಪುಟದಲ್ಲಿಯೇ ಬರೆದಿದ್ದೇನೆ: ಅಳತೆಯಲ್ಲಿ ಎಲ್ಲರೂ ಇದ್ದೆವು, ಪ್ಲಾನ್, ಉದ್ದ ಸೆಕ್ಷನ್ ಮತ್ತು ಕಂಬದ ವಿವರ ನನ್ನವು, ಮುಂಭಾಗದ ಎಲಿವೇಶನ್ (ಎದುರಿನಿಂದ ಕಾಣುವ ನೋಟದ ನಕ್ಷೆ) ನನ್ನದಲ್ಲ. ಎಲಿವೇಶನ್ ಎಲ್ಲಕ್ಕಿಂತ ಚೆಂದವಾಗಿ ಬಂದಿರುವುದರಿಂದ ಈ ಸಾಲು ಬರೆಯಲು ಸ್ವಲ್ಪ ಧೈರ್ಯ ಬೇಕಾಯಿತು. ಮನೆಯ ಅಜ್ಜನವರಿಗೆ ಫೋನು ಮಾಡಿ ಪ್ರಕಟಣೆಗೆ ಒಪ್ಪಿಗೆಯನ್ನೂ ಕೇಳಿದೆ. “ನಕ್ಷೆ ಹಾಕಿಕೋ, ಒಕ್ಕದ ಹೆಸರು ಬೇಡ, ಕನ್ನಿ ಕೊಂಬರೆಯ ಒಳಗಿನ ಫೋಟೊ ಬೇಡ” ಎಂದರು. ಕನ್ನಿ ಕೊಂಬರೆ ಎಂದರೆ ಮನೆಯ ಪೂಜೆಯ ಕೋಣೆ. ಎರಡನ್ನೂ ತೆಗೆದೆ.

ಜೂನ್ 3

ಇಂಟರ್ನ್‌ಶಿಪ್ ಮಾಡಿದ ಕಚೇರಿಯ ವರ್ಕಿಂಗ್ ಡ್ರಾಯಿಂಗ್‌ಗಳನ್ನು (ಕಟ್ಟಡ ಕಟ್ಟಲು ಬಳಸುವ ನಕ್ಷೆಗಳನ್ನು) ಹಾಕಬಹುದೇ ಎಂದು ಇಮೇಲ್ ಮಾಡಿದ್ದೆ. ಒಂದು ಮೆಟ್ಟಿಲಿನ ವಿವರಕ್ಕೆ ಮಾತ್ರ ಅನುಮತಿ ಬಂತು. ಒಂದೇ ಪುಟ, ಅಷ್ಟು ಸಾಕು.

ಜೂನ್ 9

ಮಳೆ ಹಿಡಿದಿದೆ. ಕರೆಂಟು ಬೆಳಿಗ್ಗೆ ಹೋದರೆ ಸಂಜೆಯವರೆಗೆ ಬರುವ ಖಾತ್ರಿಯಿಲ್ಲದ ಕಾರಣ ಲ್ಯಾಪ್‌ಟಾಪನ್ನು ರಾತ್ರಿಯೇ ಚಾರ್ಜ್ ಮಾಡಿಟ್ಟುಕೊಂಡು, ಎರಡೂವರೆ ಗಂಟೆಯ ಬ್ಯಾಟರಿಯಲ್ಲಿ ಏನಾಗುತ್ತದೋ ಅಷ್ಟು ಮಾಡುತ್ತಿದ್ದೇನೆ.

ಮಡಿಕೇರಿಯ ಪ್ರಿಂಟಿಂಗ್ ಅಂಗಡಿಯಲ್ಲಿ ಒಂದು ಮಾದರಿ ಪ್ರತಿ ತೆಗೆಸಿದೆ. ಪರದೆಯ ಮೇಲೆ ಹೊಳೆಯುತ್ತಿದ್ದ ಹಸಿರು ಕಾಗದದ ಮೇಲೆ ಒಣಗಿದ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಪರದೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬೆಳಕಿನಲ್ಲಿ ತೋರಿಸುವ ಎಷ್ಟೋ ಹಸಿರುಗಳನ್ನು ಮುದ್ರಣದ ನಾಲ್ಕು ಬಣ್ಣಗಳ ಸಿಎಮ್‌ವೈಕೆ ಶಾಯಿ ಕೊಡಲಾರದು. ಬಣ್ಣಗಳನ್ನು ಮೊದಲೇ ಸಿಎಮ್‌ವೈಕೆಗೆ ಪರಿವರ್ತಿಸಿ, ಹಸಿರನ್ನು ಒಂದೇ ತಿಳಿಛಾಯೆಗೆ ಇಳಿಸಿದೆ. ಪುಸ್ತಕದಂತೆ ನಡುವೆ ಪಿನ್ ಹೊಡೆಸುವ ಆಸೆಯೂ ಇತ್ತು. ಅಡ್ಡ ಎ4 ಪುಟವನ್ನು ಹಾಗೆ ಮಡಿಸಬೇಕಾದರೆ 594 ಮಿಲಿಮೀಟರ್ ಅಗಲದ ಹಾಳೆ ಬೇಕು, ತಮ್ಮ ಯಂತ್ರ ಎ3ರ 420 ಮಿಲಿಮೀಟರ್ ದಾಟುವುದಿಲ್ಲ ಎಂದು ಅಂಗಡಿಯವರು ತಿಳಿಸಿ ಹೇಳಿದರು. ಸ್ಪೈರಲ್ ಬೈಂಡಿಂಗ್‌ಗೆ ಒಪ್ಪಿಕೊಂಡೆ.

ಇಮೇಲ್ ಪ್ರತಿಯದು ಬೇರೆಯೇ ಕಷ್ಟ. ಹಲವು ಕಚೇರಿಗಳು 10 ಎಂಬಿ ಒಳಗೆ ಕಳುಹಿಸಲು ಹೇಳುತ್ತವೆ, ನನ್ನ ಪಿಡಿಎಫ್ 86 ಎಂಬಿ ಇತ್ತು. ಫೋಟೊಗಳನ್ನು 150 ಪಿಪಿಐಗೆ ಇಳಿಸಿದರೂ 40ರ ಹತ್ತಿರವೇ ನಿಂತಿತು. ಒಂದೊಂದೇ ಪುಟವನ್ನು ಬೇರೆ ಮಾಡಿ ತೂಗಿದಾಗ ಕಳ್ಳ ಸಿಕ್ಕಿದ: ಐನ್‌ಮನೆಯ ಛಾವಣಿಗೆ ತುಂಬಿದ್ದ ಹಂಚಿನ ಹ್ಯಾಚ್ (ಹಂಚನ್ನು ಸೂಚಿಸುವ ಗೆರೆಗಳ ವಿನ್ಯಾಸ). ಅದರ ಸಾವಿರಾರು ಚೂರು ಗೆರೆಗಳನ್ನು ಫೈಲು ಒಂದೊಂದಾಗಿ ಹೊತ್ತಿತ್ತು. ಛಾವಣಿಯನ್ನು ಮಾತ್ರ ಚಿತ್ರವಾಗಿ ಬದಲಿಸಿದ ಮೇಲೆ ಒಟ್ಟು ಗಾತ್ರ 8.7 ಎಂಬಿ ಆಯಿತು. ಪುಟಗಳು 24.

ಜೂನ್ 14

ನಿನ್ನೆ ರಾತ್ರಿ ಕರೆಂಟು ಬಂದ ಹೊತ್ತಿನಲ್ಲಿ ಬೆಂಗಳೂರು, ಮೈಸೂರುಗಳ ಐದು ಕಚೇರಿಗಳಿಗೆ ಕಳುಹಿಸಿದೆ. ಈ ದಿನ ಮುದ್ರಿತ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಕಕ್ಕಬ್ಬೆಗೆ ಹೋಗಿ ಅಜ್ಜನವರಿಗೆ ತೋರಿಸಿದೆ. ಐಮರದ ಮೇಲೆ ಕುಳಿತು, ಕನ್ನಡಕ ಏರಿಸಿ, ಪ್ಲಾನಿನ ಮೇಲೆ ಬೆರಳಿಟ್ಟು ಕೈಯಾಲೆಯಿಂದ ಒಳಗೆ ನಡೆಯುತ್ತ ಹೋದರು. ಅಡುಗೆಮನೆಯ ಹಿಂಬಾಗಿಲ ಹತ್ತಿರ ಬೆರಳು ನಿಂತಿತು.

“ಈ ಬಾಗಿಲು ಹೊರಗೆ ತೆರೆಯುತ್ತದೆ ಅಂತ ಬರೆದಿದ್ದೀಯಲ್ಲ ಮಗಾ, ಹಾಗೆ ತೆರೆದರೆ ಮೆಟ್ಟಿಲ ಮೇಲೆ ನಿಂತವರ ಮೂಗಿಗೆ ಬಡಿಯುತ್ತದೆ.”

ಎದ್ದು ಹೋಗಿ ನೋಡಿದೆ. ಬಾಗಿಲು ಒಳಗೆ ತೆರೆಯುತ್ತದೆ. ಮೂರನೆಯ ವರ್ಷದಿಂದ ಜ್ಯೂರಿ ದಾಟಿಕೊಂಡು ಬಂದಿದ್ದ ತಪ್ಪು ಅದು, ಮತ್ತು ಪ್ಲಾನ್ ನನ್ನದೇ ಎಂದು ಅದೇ ಪುಟದಲ್ಲಿ ಬರೆದುಕೊಂಡಿದ್ದೇನೆ. ಈ ರಾತ್ರಿ ಕರೆಂಟು ಇದ್ದರೆ 9ನೆಯ ಪುಟದಲ್ಲಿ ಬಾಗಿಲು ತೆರೆಯುವ ದಿಕ್ಕನ್ನು ತೋರಿಸುವ ಆ ಕಾಲು ವೃತ್ತವನ್ನು ತಿರುಗಿಸಿ, ಐದೂ ಕಡೆಗೆ ತಿದ್ದಿದ ಪ್ರತಿಯನ್ನು ಮತ್ತೆ ಕಳುಹಿಸಬೇಕು.