ಕೆಸರು ತುಳಿಯೋದಕ್ಕೆ ಸ್ಕೂಲ್ ಯಾಕೆ?

ಶನಿವಾರ ಏಳನೆಯ ತರಗತಿಯ ಮಕ್ಕಳನ್ನು ಊರ ಕೆರೆಗೆ ಕರೆದುಕೊಂಡು ಹೋಗಿದ್ದೆ. ಸೋಮವಾರ ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳ ತಾಯಿ ಆ ಕುರಿತು ಕೇಳಿದ ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅವರು ಕೂಲಿಗೆ ಹೊರಟಿದ್ದವರು, ಗೇಟಿನ ಹತ್ತಿರವೇ ನಿಂತು ಕೇಳಿದರು: “ಕೆಸರು ತುಳಿಯೋದು ನಾನೇ ಕಲಿಸ್ತೀನಿ ಮೇಡಂ, ಅದಕ್ಕೆ ಸ್ಕೂಲ್ ಯಾಕೆ?”

ಅವರು ಜಗಳವಾಡಲು ಬಂದವರಲ್ಲ. ಕಾಲುವೆಯ ಕೆಸರು ಮೆತ್ತಿದ್ದ ಸಮವಸ್ತ್ರವನ್ನು ಭಾನುವಾರವೆಲ್ಲ ಉಜ್ಜಿ ಒಗೆದು, ಮಗಳಿಗೆ ತೊಡಿಸಿ ಕಳುಹಿಸಿದ್ದರು. ಮಗಳು ಒಂದು ದಿನವೂ ಶಾಲೆ ತಪ್ಪಿಸಬಾರದೆಂದು ನಮ್ಮೂರಿನಲ್ಲಿ ಇಷ್ಟು ಹಟ ಹಿಡಿಯುವ ಇನ್ನೊಬ್ಬ ತಾಯಿಯನ್ನು ನಾನು ಕಂಡಿಲ್ಲ. ಅಂಥವರು ಕೇಳಿದ್ದರಿಂದಲೇ ಆ ಮಾತು ನನ್ನನ್ನು ಅಷ್ಟು ಕಲಕಿತು. “ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು” ಎಂದರು ಸಹೋದ್ಯೋಗಿಯೊಬ್ಬರು. ಪಾಠವನ್ನು ಚೆನ್ನಾಗಿಯೇ ಮಾಡುವ ಮೇಷ್ಟ್ರು ಅವರು, ಆದರೆ ಪೋಷಕರ ವಿಷಯದಲ್ಲಿ ಅವರ ಈ ಧೋರಣೆ ನನಗೆ ಎಂದೂ ಹಿಡಿಸಿಲ್ಲ. ಆ ತಾಯಿಗೆ ಅರ್ಥವಾಗಿರುವುದು ನಮ್ಮ ಸುತ್ತೋಲೆಗಳನ್ನು ಬರೆಯುವವರಿಗೆ ಅರ್ಥವಾಗಿದೆಯೇ ಎಂಬುದು ನನ್ನ ಅನುಮಾನ.

ತಿಂಗಳಿಗೊಮ್ಮೆ ಮಕ್ಕಳು ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ ನಮ್ಮ ಶಾಲೆಗಳಿಗೆ ಹೊಸದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಆರರಿಂದ ಎಂಟನೆಯ ತರಗತಿಯ ಮಕ್ಕಳು 10 ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳಿತು. ಓದುವುದಕ್ಕೆ ಚೆಂದದ ಮಾತು. ಆದರೆ ಕುಂಬಾರರ ಮನೆಯ ಮಗು ಆ 10 ದಿನ ಎಲ್ಲಿಗೆ ಹೋಗಬೇಕು? ನಗರದ ಶಾಲೆಗಳು ಹಣ ಕಟ್ಟಿಸಿಕೊಂಡು ಮಕ್ಕಳನ್ನು ಬಸ್ಸಿನಲ್ಲಿ ತೋಟಕ್ಕೆ ಕರೆತಂದು ಗದ್ದೆಗೆ ಇಳಿಸುತ್ತವೆ. ಆ ಮಕ್ಕಳಿಗೆ ಮಣ್ಣು ನಿಜವಾಗಿಯೂ ಹೊಸದು, ಆದ್ದರಿಂದ ಅವರು ಅಲ್ಲಿ ಏನನ್ನೋ ಕಲಿತೇ ಕಲಿಯುತ್ತಾರೆ. ರಜೆ ಬಂದರೆ ಅಮ್ಮನ ಜೊತೆ ಕಳೆ ಕೀಳಲು ಹೋಗುವ ನನ್ನ ವಿದ್ಯಾರ್ಥಿನಿಯನ್ನು ಅದೇ ಗದ್ದೆಗೆ ಇಳಿಸಿ ಅದನ್ನು ಕಲಿಕೆ ಎಂದು ಕರೆದರೆ, ಅವಳಿಗೆ ನಾನು ಕೊಟ್ಟದ್ದೇನು?

ಆ ಪ್ರಶ್ನೆಯ ಹಿಂದೆ ಭಯವೂ ಇದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಶಾಲೆಯಲ್ಲಿ ಯಾರ ಮಗುವಿನ ಕೈಗೆ ಪೊರಕೆ ಬರುತ್ತದೆ, ಯಾರ ಮಗುವಿನ ಕೈಗೆ ಅಳತೆಪಟ್ಟಿ ಬರುತ್ತದೆ ಎಂಬುದನ್ನು ಬಡವರು ನಮಗಿಂತ ಚೆನ್ನಾಗಿ ಬಲ್ಲರು.

ಹಾಗಾದರೆ ಶನಿವಾರ ಕೆರೆಯಲ್ಲಿ ನಡೆದದ್ದೇನು ಎಂಬುದನ್ನು ಹೇಳಬೇಕು. 33 ಅಡಿಯ ಹಗ್ಗವೊಂದನ್ನು ಮಕ್ಕಳೇ ಅಳೆದು ಗಂಟು ಹಾಕಿ ಒಯ್ದಿದ್ದರು. 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂದರೆ 1,089 ಚದರಡಿ, ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಪಠ್ಯದಲ್ಲಿ ಚದರ ಸೆಂಟಿಮೀಟರು, ಚದರ ಮೀಟರುಗಳಿವೆ; ಅವರ ಮನೆಯ ಪಹಣಿಯಲ್ಲಿರುವುದು ಎಕರೆ, ಗುಂಟೆ. ಕೆರೆಯ ಕೆಳಗೆ ರಾಗಿ ಕೊಯ್ದು ಕೂಳೆ ಉಳಿದಿದ್ದ ಹೊಲವೊಂದನ್ನು ಅಳೆಯಲು ಹೇಳಿದೆ. ಆರು ಗುಂಟೆ ಎಂದು ಊರಲ್ಲೆಲ್ಲ ರೂಢಿ. ಉದ್ದ ಮೂರು ಹಗ್ಗ ಸರಿಯಾಗಿ ಬಂತು, ಅಗಲ ಎರಡು ಹಗ್ಗಕ್ಕೆ ಬರಲಿಲ್ಲ. ಹುಡುಗರು ಹಗ್ಗವನ್ನು ಎಳೆದೆಳೆದು ಹೇಗಾದರೂ ಆರು ಮಾಡಲು ನೋಡುತ್ತಿದ್ದಾಗ, ಕಾಲುವೆಯ ಕೆಸರಿನಲ್ಲಿ ನಿಂತು ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿದ್ದ ಈ ಹುಡುಗಿ, “ಆರು ಇಲ್ಲ ಮೇಡಂ, ಬದು ಬಿಟ್ಟು ಲೆಕ್ಕ ಹಾಕಿದ್ರೆ ಐದೂವರೆ ಅಷ್ಟೇ” ಎಂದಳು. ತರಗತಿಯಲ್ಲಿ ಕರೆದರೂ ಬಾಯಿ ಬಿಡದವಳು.

ಅಲ್ಲಿಂದ ಕೋಡಿಯ ಬಳಿಗೆ ಹೋದೆವು. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಬಳಸುವ ತೆಳು ಪೈಪನ್ನು ಅಡಿ ಗುರುತು ಹಾಕಿದ ಎರಡು ಬಿದಿರಿನ ಗಳುಗಳಿಗೆ ಕಟ್ಟಿದ್ದೆವು. ಒಂದು ಗಳು ಕೋಡಿಯ ಕಲ್ಲಿನ ಮೇಲೆ, ಇನ್ನೊಂದು ಏರಿಯ ತಲೆಯ ಮೇಲೆ. ಪೈಪಿನಲ್ಲಿ ನೀರು ತುಸು ತೂಗಾಡಿ ನಿಂತ ಮೇಲೆ ಎರಡು ಕಡೆಯ ಗುರುತುಗಳನ್ನು ಓದಿ ಕಳೆದರು: ಏರಿ ನಾಲ್ಕು ಅಡಿ ಚಿಲ್ಲರೆ ಮೇಲಿತ್ತು. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿ ಮನೆತನದ ಹಿರಿಯರೊಬ್ಬರು ನಮ್ಮ ಜೊತೆ ಬಂದಿದ್ದರು. ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಯನ್ನು ಮುಟ್ಟುವ ಮೊದಲೇ ಕೋಡಿಯಲ್ಲಿ ಹರಿದುಹೋಗಬೇಕು, ಮಣ್ಣಿನ ಏರಿಯ ಮೇಲೆ ನೀರು ಹತ್ತಿತೋ ಏರಿ ಉಳಿಯುವುದಿಲ್ಲ ಎಂದು ಅವರು ಹೇಳಿದಾಗ ಮಕ್ಕಳ ಪುಸ್ತಕದಲ್ಲಿ ಅದರ ಅಂಕಿ ಆಗಲೇ ಇತ್ತು. ಆ ಹಿರಿಯರ ಬಗ್ಗೆ ಒಂದು ಮಾತು: ತೂಬು ಎತ್ತುವುದರಿಂದ ಹಿಡಿದು ಅಚ್ಚುಕಟ್ಟಿನ ಕೊನೆಯ ಗದ್ದೆಯ ಸರದಿಯವರೆಗೆ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡಿರುವ ಇಂಥವರಿಗೆ ನಮ್ಮ ಶಾಲೆಗಳು ಈವರೆಗೆ ಒಂದು ಕುರ್ಚಿಯನ್ನೂ ಹಾಕಿ ಕೂರಿಸಿಲ್ಲ.

ಸೋಮವಾರ ಆ ತಾಯಿಯನ್ನು ಒಳಗೆ ಕರೆದು ಒಂದು ಮಾತು ಕೇಳಿದೆ: “ಗುತ್ತಿಗೆ ಮಾತಾಡ್ಕೊಂಡು ಕೊಯ್ಲಿಗೆ ಹೋಗ್ತೀರಲ್ಲಮ್ಮ, ಹೊಲ ಎಷ್ಟು ಗುಂಟೆ ಅಂತ ಯಾರು ಹೇಳ್ತಾರೆ?”

“ಹೊಲದೋರೇ ಹೇಳ್ತಾರೆ. ಇನ್ಯಾರು ಹೇಳ್ತಾರೆ?”

ಹಗ್ಗದ ವಿಷಯ ಹೇಳಿದೆ. ಕೇಳಿಸಿಕೊಂಡರು. ಒಪ್ಪಿದರೆಂದು ನಾನು ಹೇಳಲಾರೆ. ಬಟ್ಟೆಗೆ ಸೋಪು ಎಷ್ಟಾಗುತ್ತದೆಂದು ತಿಳಿಸಿ ಕೆಲಸಕ್ಕೆ ಹೊರಟರು. ಅದೂ ನ್ಯಾಯವಾದ ಮಾತೇ.

1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಕಸುಬಿನ ಮೂಲಕ ಶಿಕ್ಷಣವಾಗಬೇಕೆಂದಾಗ, ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಕಸುಬನ್ನು ಯಂತ್ರದಂತೆ ಕಲಿಸಬಾರದು, ಪ್ರತಿ ಹಂತದ ಏಕೆ, ಹೇಗೆ ಎಂಬುದು ಮಗುವಿಗೆ ತಿಳಿಯಬೇಕು ಎಂಬುದು ಗಾಂಧೀಜಿಯವರ ಮುಖ್ಯ ಷರತ್ತಾಗಿತ್ತು. ಆ ಷರತ್ತನ್ನು ಬಿಟ್ಟರೆ ಹೊರಾಂಗಣ ಕಲಿಕೆ ಎಂಬುದು ಬಡವರ ಮಕ್ಕಳ ಪಾಲಿಗೆ ಕೂಲಿಯಿಲ್ಲದ ಕೆಲಸ, ಉಳ್ಳವರ ಮಕ್ಕಳ ಪಾಲಿಗೆ ಪ್ರವಾಸ. ಮಗು ಮನೆಯಲ್ಲಿ ಕೈಯಾರೆ ಮಾಡುವ ಕೆಲಸಕ್ಕೆ ಅಳತೆಯನ್ನೂ ಕಾರಣವನ್ನೂ ಸೇರಿಸಿ ಕೊಡುವುದು ಶಾಲೆಯ ಹೊಣೆ; ಅದನ್ನು ಮಾಡದೆ ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುವ ಹಕ್ಕು ನಮಗಿಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಎರಡು ವಿಷಯ ಇಡುತ್ತಿದ್ದೇನೆ. ಹೊರಗೆ ಹೋಗುವ ದಿನ ಮಕ್ಕಳು ಸಮವಸ್ತ್ರದ ಬದಲು ಹಳೆಯ ಬಟ್ಟೆಯಲ್ಲಿ ಬರಲಿ ಎಂಬುದು ಒಂದು. ಹೊರಡುವ ಮುನ್ನ, ಅಂದು ಮಗು ಕಲಿಯಲಿರುವ ಯಾವುದು ಅದರ ಮನೆಯಲ್ಲಿ ಸಿಗದು ಎಂದು ಶಿಕ್ಷಕರು ಪೋಷಕರಿಗೆ ಬರೆದು ತಿಳಿಸಬೇಕು, ಓದಲು ಬಾರದವರಿಗೆ ಮನೆಗೆ ಹೋಗಿ ಹೇಳಬೇಕು ಎಂಬುದು ಇನ್ನೊಂದು.