ಸಂವಿಧಾನದಲ್ಲಿ ಬರೆಯದೆ ಉಳಿದ ಒಂದು ಪದ

ಪದವಿಪೂರ್ವ ಕಾಲೇಜಿನಲ್ಲಿ 28 ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು. ಜೇಮ್ಸ್ ಮ್ಯಾಡಿಸನ್ ಅಮೆರಿಕದ ಸಂವಿಧಾನದ ಪಿತಾಮಹ ಎಂಬ ವಾಕ್ಯವನ್ನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಹಾಗಾಗಿ ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋದಾಗ, ಮ್ಯಾಡಿಸನ್ ಬಾಳಿದ ಮಾಂಟ್‌ಪೆಲಿಯರ್ ಮನೆಯನ್ನು ನೋಡದೆ ಊರಿಗೆ ಮರಳುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಮಹಡಿಯ ಮೇಲಿನ ಓದುವ ಕೋಣೆಯಲ್ಲಿ ಬಹಳ ಹೊತ್ತು ನಿಂತೆ. ಕಿಟಕಿಯಾಚೆ ಬ್ಲೂ ರಿಡ್ಜ್ ಬೆಟ್ಟಗಳ ಸಾಲು ಕಾಣುತ್ತದೆ. ಸಂವಿಧಾನ ರಚನೆಗೆಂದು ಸೇರಿದ 1787ರ ಫಿಲಡೆಲ್ಫಿಯಾ ಸಮಾವೇಶಕ್ಕೆ ಹೊರಡುವ ಮೊದಲು, ಪ್ಯಾರಿಸ್‌ನಿಂದ ಗೆಳೆಯ ಥಾಮಸ್ ಜೆಫರ್ಸನ್ ಕಳುಹಿಸಿಕೊಟ್ಟ ಪುಸ್ತಕಗಳ ನೆರವಿನಿಂದ, ಪ್ರಾಚೀನ ಗ್ರೀಸಿನ ಒಕ್ಕೂಟಗಳಿಂದ ಹಿಡಿದು ಹಾಲೆಂಡ್‌ವರೆಗಿನ ಆಡಳಿತ ವ್ಯವಸ್ಥೆಗಳು ಎಲ್ಲೆಲ್ಲಿ ಸಡಿಲಗೊಂಡವು ಎಂಬುದನ್ನು ಮ್ಯಾಡಿಸನ್ ಅಭ್ಯಾಸ ಮಾಡಿದ್ದರು. ನಾನು ಪಾಠ ಹೇಳಿದ ಮ್ಯಾಡಿಸನ್ ಆ ಕೋಣೆಯಲ್ಲಿದ್ದರು. ಅಲ್ಲಿ ನಿಂತಾಗ ನನಗೆ ನಿಜಕ್ಕೂ ಮನಸ್ಸು ತುಂಬಿ ಬಂದಿತ್ತು.

ನೆಲಮಾಳಿಗೆಗೆ ಇಳಿದಾಗ ಕಂಡವರು ಬೇರೆಯೇ ಮ್ಯಾಡಿಸನ್. ಕಾಲಾಂತರದಲ್ಲಿ 300ಕ್ಕೂ ಹೆಚ್ಚು ಜನ ಮ್ಯಾಡಿಸನ್ ಕುಟುಂಬದ ಈ ತೋಟದಲ್ಲಿ ಗುಲಾಮರಾಗಿ ದುಡಿದಿದ್ದಾರೆ. ಅವರಲ್ಲಿ ಯಾರ ಯಾರ ಹೆಸರು ಸಿಕ್ಕಿದೆಯೋ ಅವನ್ನೆಲ್ಲ ಗೋಡೆಯ ಮೇಲೆ ಬರೆದಿದ್ದಾರೆ. ಕೈಯಿಂದ ಮಾಡಿದ ಹಳೆಯ ಇಟ್ಟಿಗೆಗಳೂ ಅಲ್ಲಿವೆ. ಹಸಿಮಣ್ಣಿನಲ್ಲಿ ಒತ್ತಿದ ಬೆರಳುಗಳ ಗುರುತು ಅವುಗಳ ಮೇಲೆ ಹಾಗೆಯೇ ಸುಟ್ಟು ಉಳಿದಿದೆ.

ಸಂವಿಧಾನದ ಮೂಲ ಪಠ್ಯದಲ್ಲಿ ‘ಗುಲಾಮ’ ಎಂಬ ಪದವೇ ಇಲ್ಲವೆಂಬುದು ನನಗೆ ಗೊತ್ತಿತ್ತು. ಪ್ರತಿನಿಧಿಗಳ ಸಂಖ್ಯೆ ನಿರ್ಧರಿಸಲು ಜನಗಣನೆ ಮಾಡುವಾಗ ಗುಲಾಮರನ್ನು ಎಣಿಸುವ ಬಗೆ ಹೇಳುವಲ್ಲಿ ‘ಇತರ ಎಲ್ಲ ವ್ಯಕ್ತಿಗಳ’ ಐದರಲ್ಲಿ ಮೂರು ಭಾಗ ಎಂದಿದೆ. ಆಫ್ರಿಕಾದಿಂದ ಜನರನ್ನು ತರಿಸುವ ವ್ಯಾಪಾರವನ್ನು 1808ರವರೆಗೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ನಿಷೇಧಿಸಕೂಡದು ಎನ್ನುವಲ್ಲಿ ‘ಅಂಥ ವ್ಯಕ್ತಿಗಳು’ ಎಂದಿದೆ. ತಪ್ಪಿಸಿಕೊಂಡು ಓಡಿದವರನ್ನು ಒಡೆಯನಿಗೆ ಮರಳಿ ಒಪ್ಪಿಸಬೇಕು ಎನ್ನುವಲ್ಲಿ ‘ಸೇವೆಗೋ ದುಡಿಮೆಗೋ ಕಟ್ಟುಬಿದ್ದ ವ್ಯಕ್ತಿ’ ಎಂದಿದೆ. ಮನುಷ್ಯರು ಆಸ್ತಿಯಾಗಬಹುದು ಎಂಬ ಭಾವನೆಗೆ ಸಂವಿಧಾನದಲ್ಲಿ ಎಡೆಕೊಡುವುದು ತಪ್ಪು ಎಂದು 1787ರ ಆಗಸ್ಟ್ 25ರಂದು ಸಮಾವೇಶದಲ್ಲಿ ನುಡಿದವರು ಸ್ವತಃ ಮ್ಯಾಡಿಸನ್. ಅದನ್ನು ನಾನು ತರಗತಿಯಲ್ಲಿ ಅವರ ಮನಸ್ಸಾಕ್ಷಿಗೆ ಸಾಕ್ಷಿಯೆಂದೇ ಹೇಳುತ್ತಿದ್ದೆ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅದೇ ಹೆಸರಿನಿಂದ ಕರೆದು ರದ್ದುಮಾಡಿದೆ ಎಂದು ಮರುವಾರ ಅದೇ ಮಕ್ಕಳಿಗೆ ಪಾಠ ಮಾಡುತ್ತಿದ್ದರೂ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ಅಮೆರಿಕದ ಸಂವಿಧಾನದೊಳಗೆ ಗುಲಾಮಗಿರಿ ಎಂಬ ಪದ ಬಂದದ್ದು 1865ರ 13ನೇ ತಿದ್ದುಪಡಿಯಲ್ಲಿ, ಅದನ್ನು ತೊಡೆದುಹಾಕುವಾಗ.

ಹೆಸರುಗಳ ಆ ಗೋಡೆಯ ಮುಂದೆ ನಿಂತಾಗ, ಹಿಂದೆಂದೋ ಓದಿದ್ದ ಮ್ಯಾಡಿಸನ್‌ರ ಒಂದು ಪತ್ರ ನೆನಪಾಯಿತು. ಕಾಂಗ್ರೆಸ್ ಸದಸ್ಯರಾಗಿ ಫಿಲಡೆಲ್ಫಿಯಾದಲ್ಲಿದ್ದಾಗ ಅವರ ಸೇವೆಗೆಂದು ಜೊತೆಗಿದ್ದವನು ಬಿಲ್ಲಿ ಎಂಬ ಗುಲಾಮ. ಸ್ವಾತಂತ್ರ್ಯದ ಗಾಳಿ ಸೋಕಿದ ಅವನನ್ನು ವರ್ಜೀನಿಯಾಕ್ಕೆ ಮರಳಿ ಕರೆತಂದರೆ ಉಳಿದ ಗುಲಾಮರ ನಡುವೆ ಇರಿಸಲಾಗದು ಎಂದು 1783ರಲ್ಲಿ ತಂದೆಗೆ ಬರೆದರು. ಯಾವ ಸ್ವಾತಂತ್ರ್ಯಕ್ಕಾಗಿ ನಾವು ಅಷ್ಟೊಂದು ರಕ್ತದ ಬೆಲೆ ತೆತ್ತೆವೋ, ಯಾವುದನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಮತ್ತೆ ಮತ್ತೆ ಸಾರಿದೆವೋ, ಅದನ್ನು ಅವನೂ ಬಯಸಿದನೆಂಬ ಕಾರಣಕ್ಕೆ ಅವನನ್ನು ಶಿಕ್ಷಿಸುವುದು ತನಗಾಗದು ಎಂಬುದು ಆ ಪತ್ರದ ತಿರುಳು. ಹಾಗೆಂದು ಅವನನ್ನು ಬಿಡುಗಡೆ ಮಾಡಲಿಲ್ಲ. ಪೆನ್ಸಿಲ್ವೇನಿಯಾದ ಕಾನೂನು ಅನುಮತಿಸುವ ಏಳು ವರ್ಷಗಳ ದುಡಿಮೆಗೆ ಮಾರಿದರು. ಅವನಿಗೆ ತಕ್ಕ ಬೆಲೆ ಸಿಗಲಾರದು ಎಂಬ ಮಾತೂ ಅದೇ ಪತ್ರದಲ್ಲಿದೆ. ಮ್ಯಾಡಿಸನ್‌ರಿಗೆ ತಿಳಿದಿರಲಿಲ್ಲ, ಆ ಕಾಲವೇ ಹಾಗಿತ್ತು ಎಂದು ನಾನಿನ್ನು ಯಾವ ವಿದ್ಯಾರ್ಥಿಗೂ ಹೇಳಲಾರೆ. ಅವರಿಗೆ ಸಂಪೂರ್ಣವಾಗಿ ತಿಳಿದಿತ್ತು.

1790ರ ಫೆಬ್ರವರಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸಹಿ ಮಾಡಿದ ಮನವಿಯೊಂದು ಮೊದಲ ಕಾಂಗ್ರೆಸ್‌ನ ಮುಂದೆ ಬಂತು. ಗುಲಾಮಗಿರಿಯ ವಿರುದ್ಧ ನಿಮ್ಮ ಅಧಿಕಾರದ ಕಟ್ಟಕಡೆಯ ಅಂಚಿನವರೆಗೂ ಹೋಗಿ ಎಂದು ಅದು ಬೇಡಿತ್ತು. ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾದ ಸದಸ್ಯರು ಕೆರಳಿ ನಿಂತರು. ಮನವಿಯನ್ನು ಸಮಿತಿಗೆ ಒಪ್ಪಿಸಬೇಕೆಂದವರಲ್ಲಿ ಮ್ಯಾಡಿಸನ್ ಕೂಡ ಇದ್ದರು. ಆದರೆ ಚರ್ಚೆ ಮುಗಿದಾಗ ದಾಖಲೆಯಲ್ಲಿ ಉಳಿದದ್ದು, ರಾಜ್ಯಗಳೊಳಗಿನ ಗುಲಾಮರ ಬಿಡುಗಡೆಯ ವಿಷಯದಲ್ಲಿ ಕಾಂಗ್ರೆಸ್‌ಗೆ ಅಧಿಕಾರವಿಲ್ಲ ಎಂಬ ತೀರ್ಮಾನ. ಏಪ್ರಿಲ್ 17ರಂದು ಫ್ರಾಂಕ್ಲಿನ್ ತೀರಿಕೊಂಡರು.

ಪಾಲ್ ಜೆನ್ನಿಂಗ್ಸ್ ಬಗ್ಗೆ ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಇದೇ ತೋಟದಲ್ಲಿ 1799ರಲ್ಲಿ ಹುಟ್ಟಿ, ಮ್ಯಾಡಿಸನ್ ಅಮೆರಿಕದ ಅಧ್ಯಕ್ಷರಾಗಿದ್ದಾಗ ಹುಡುಗನಾಗಿಯೇ ಅಧ್ಯಕ್ಷರ ಭವನದಲ್ಲಿ ದುಡಿದು, ಹದಿನಾರು ವರ್ಷ ದಿನ ಬಿಟ್ಟು ದಿನ ಮ್ಯಾಡಿಸನ್‌ರ ಕ್ಷೌರ ಮಾಡಿದವರು ಅವರು. 1836ರಲ್ಲಿ ಒಡೆಯನ ಕೊನೆಯುಸಿರಿನ ವೇಳೆಯಲ್ಲೂ ಬಳಿಯಲ್ಲಿದ್ದರು. ಮ್ಯಾಡಿಸನ್‌ರ ಉಯಿಲು ಅವರನ್ನಾಗಲಿ ಬೇರೆ ಯಾರನ್ನೇ ಆಗಲಿ ಬಿಡುಗಡೆ ಮಾಡಲಿಲ್ಲ. 1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಅವರನ್ನು ಬಿಡಿಸಿದರು. ತಿಂಗಳಿಗೆ 8 ಡಾಲರ್‌ನಂತೆ ದುಡಿದು ಆ ಹಣ ತೀರಿಸುವ ಕರಾರಾಯಿತು. ಮ್ಯಾಡಿಸನ್‌ರ ವಿಧವೆ ಡಾಲಿ ಬಡತನಕ್ಕೆ ಬಿದ್ದಾಗ, ತಮ್ಮ ಜೇಬಿನಿಂದಲೇ ಆಗಾಗ ಅಷ್ಟಿಷ್ಟು ಹಣ ಕೊಡುತ್ತಿದ್ದೆನೆಂದು ಜೆನ್ನಿಂಗ್ಸ್ ಬರೆದಿದ್ದಾರೆ.

“ಅಪ್ಪಾ, ನೀವು ಇದನ್ನೆಲ್ಲ ಕ್ಲಾಸಿನಲ್ಲಿ ಹೇಳ್ತಿದ್ರಾ?” ಎಂದು ಮಗಳು ಕೇಳಿದಳು. ಇಲ್ಲವೆಂದೆ.

ಹೊರಗೆ, ಮನೆಗೆಲಸದ ಗುಲಾಮರು ವಾಸವಿದ್ದ ಮರದ ಮನೆಗಳನ್ನು ಹಿಂದೆ ಇದ್ದ ಜಾಗದಲ್ಲೇ ಮತ್ತೆ ಕಟ್ಟಿದ್ದಾರೆ. ಮಗಳು ಅಲ್ಲಿಂದಲೇ, ದನಿ ಏರಿಸದೆ, ಹೊರಡೋಣವೇ ಎಂದು ಕೇಳಿದಳು. ಮ್ಯಾಡಿಸನ್‌ರ ಮನೆಯ ಗೋಡೆಗೆ ಒರಗಿ ನಿಂತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು.