ನೆಪವಿಲ್ಲದೆ ಹೋದ ಊರು

ನಮ್ಮ ಮನೆಗಳಲ್ಲಿ ಹೆಂಗಸು ಊರು ಬಿಟ್ಟು ಹೊರಡಬೇಕೆಂದರೆ ಒಂದು ನೆಪ ಬೇಕು. ತಂಗಿಯ ಬಾಣಂತನ, ಅತ್ತಿಗೆ ಮಗಳ ಮದುವೆ, ಯಾರದೋ ಆಪರೇಷನ್, ಯಾರದೋ ತಿಥಿ, ಹರಕೆ ಹೊತ್ತ ದೇವರು. ಇವುಗಳಲ್ಲಿ ಒಂದಿದ್ದರೆ ಸಾಕು, ಯಾರೂ ಏನೂ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟೂ ಬರುತ್ತಾರೆ. "ಬಾದಾಮಿ ನೋಡಬೇಕು ಅನಿಸಿದೆ, ಹೋಗಿ ಬರ್ತೀನಿ" ಅಂದರೆ ಮಾತ್ರ ಪ್ರಶ್ನೆಗಳು ಏಳುತ್ತವೆ. ಯಾರ ಜೊತೆ? ಯಾಕೆ ಈಗ? ಮನೆಯಲ್ಲಿ ಏನಾದರೂ ಮಾತು ಬಂತಾ?

ನನ್ನ ಮನೆಯಲ್ಲೂ ಕೇಳಿದರು. ಯಾವ ಮಾತೂ ಬಂದಿಲ್ಲ, ನೋಡಬೇಕು ಅನಿಸಿದೆ ಅಷ್ಟೇ ಅಂದೆ. ಮಗನಿಗೆ ಕೆಲಸ ಸಿಕ್ಕಿ ಅವನು ಬೆಂಗಳೂರು ಸೇರಿದ್ದಾನೆ. ಮನೆಯವರಿಗೆ ಅಡುಗೆ ಬರುತ್ತದೆ. ಲ್ಯಾಬಿನಲ್ಲಿ ರಜೆ ಬಾಕಿ ಇತ್ತು. ಇದಕ್ಕಿಂತ ಹೆಚ್ಚಿನ ಕಾರಣ ನನ್ನಲ್ಲಿ ಇರಲಿಲ್ಲ, ಹುಡುಕಲೂ ಇಲ್ಲ.

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯುವುದರೊಂದಿಗೆ ನನ್ನ ದಿನ ಶುರುವಾಗುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಉಂಡಿರಿ, ಬೆಳಿಗ್ಗೆ ಏನಾದರೂ ಕುಡಿದಿರಾ, ತಿಂಡಿಯಾಗಿ ಎರಡು ತಾಸಾಯ್ತಾ ಅಂತ ಊರಿನವರ ಹೊಟ್ಟೆಯ ಲೆಕ್ಕವೆಲ್ಲ ಬರೆದುಕೊಳ್ಳುವುದು ನನ್ನ ಕೆಲಸ. ನನಗೆ ಹಸಿವಾಗುವುದು ಎಷ್ಟು ಗಂಟೆಗೆ ಅನ್ನುವುದು ಗೊತ್ತಾಗಿದ್ದು ಮಾತ್ರ ಬಾದಾಮಿಯಲ್ಲಿ.

ಬಾದಾಮಿಗೆ ಹಿಂದೆಯೂ ಹೋಗಿದ್ದೆ. ಟೆಂಪೋ ಟ್ರಾವೆಲರ್ ಬಾಡಿಗೆಗೆ ಮಾಡಿಕೊಂಡು ಮನೆಮಂದಿಯೆಲ್ಲ ಹೋಗಿದ್ದ ಪ್ರವಾಸ ಅದು. ಅದರಲ್ಲಿ ನನಗೆ ನೆನಪಿರುವುದು ಕೋತಿಗಳಿಂದ ಕಾಪಾಡಿದ ಚಪಾತಿ ಡಬ್ಬಿ, ಮಂಡಿನೋವಿನ ಅತ್ತೆಯನ್ನು ಕೂರಿಸಲು ಹುಡುಕಿದ ನೆರಳು, ಮಗನಿಗೆ ಬಂದ ವಾಂತಿ, ಹೆಂಗಸರ ಶೌಚಾಲಯ ಎಲ್ಲಿದೆ ಅಂತ ಎಲ್ಲರ ಪರವಾಗಿ ವಿಚಾರಿಸಿಕೊಂಡು ಬಂದದ್ದು. ಮೂರನೆಯ ಗುಹೆಯ ಮುಂದೆ ನಿಂತ ಫೋಟೋ ಆಲ್ಬಂನಲ್ಲಿದೆ. ಆ ಗುಹೆಯ ಒಳಗೆ ಏನಿತ್ತು ಎಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಈ ಸಲ ಹುಬ್ಬಳ್ಳಿಯಿಂದ ಬಾದಾಮಿ ಬಸ್ಸು ಹಿಡಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದರೆ ಶೂನ್ಯ ಬೆಲೆಯ ಟಿಕೆಟ್ ಹರಿದು ಕೊಡುತ್ತಾರೆ. "ಫ್ರೀ ಅಂತ ಹೆಂಗಸರು ಸುಮ್ಮನೆ ತಿರುಗ್ತಾರೆ" ಎಂದು ಹೇಳುವವರನ್ನು ಎಲ್ಲ ಊರಲ್ಲೂ ಕೇಳಿದ್ದೇನೆ. ಸುಮ್ಮನೆ ತಿರುಗಲಿ ಬಿಡಿ. ಗಂಡಸರು ಸಂಜೆಯಾದರೆ ಸರ್ಕಲ್ಲಿನ ತನಕ ಸುಮ್ಮನೆ ಹೋಗಿ ಬರುತ್ತಾರೆ, ಅದಕ್ಕೆ ಯಾರೂ ಲೆಕ್ಕ ಕೇಳಿದ್ದಿಲ್ಲ. ನಾನು ಸಂಬಳ ತರುವವಳು, ಟಿಕೆಟ್ಟಿನ ದುಡ್ಡು ನನಗೆ ಭಾರವಾಗುತ್ತಿರಲಿಲ್ಲ. ಆದರೆ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದವರಿಗೆ ಆಗುತ್ತಿತ್ತು. ಅವರು ನರಗುಂದದಲ್ಲಿರುವ ಅಕ್ಕನನ್ನು ಮಾತಾಡಿಸಲು ಹೊರಟಿದ್ದರು. ಮೊದಲಾದರೆ ದೀಪಾವಳಿಗೊಮ್ಮೆ, ಪಂಚಮಿಗೊಮ್ಮೆ ಹೋಗುತ್ತಿದ್ದರಂತೆ. "ಈಗ ನೆನಪಾದಾಗೆಲ್ಲಾ ಹೋಗ್ತೀನ್ರೀ" ಅಂದರು.

ನವಲಗುಂದ ದಾಟಿದರೆ ಎರಡೂ ಕಡೆ ಎರೆಭೂಮಿ. ಹಿಂಗಾರಿನ ಬೆಳೆ ನಿಂತಿದ್ದ ಕಾಲ. ಬಿಳಿಜೋಳ, ಕುಸುಬೆ, ಕಡಲೆ. ಎಲ್ಲೋ ಒಂದೊಂದು ಜಾಲಿಮರ ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಪಕ್ಕದವರು ಚೀಲದಿಂದ ಸುಲಗಾಯಿ ಕಟ್ಟು ತೆಗೆದು ಅರ್ಧ ನನ್ನ ತೊಡೆಯ ಮೇಲೆ ಇಟ್ಟರು. ಹಸಿಕಡಲೆ ಸುಲಿದು ತಿನ್ನುತ್ತಾ, ಸಿಪ್ಪೆಯ ಹುಳಿ ಬೆರಳಿಗೆ ಅಂಟಿಸಿಕೊಳ್ಳುತ್ತಾ, ಅವರ ಮನೆಯ ಕಥೆಯೆಲ್ಲ ಕೇಳಿದೆ. ಸೊಸೆಯ ಬಗ್ಗೆ, ಪಾಲಾದ ಹೊಲದ ಬಗ್ಗೆ, ಥೈರಾಯ್ಡ್ ಮಾತ್ರೆಯ ಬಗ್ಗೆ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ, ನುಂಗಿದ ತಕ್ಷಣ ಚಹಾ ಕುಡಿಯಬೇಡಿ ಅಂತ ನನಗೆ ಗೊತ್ತಿದ್ದದ್ದು ಹೇಳಿದೆ. ನಮ್ಮವರೋ ಮಗನೋ ಪಕ್ಕದಲ್ಲಿದ್ದಿದ್ದರೆ ಅವರು ನನ್ನೊಂದಿಗೆ ಹೀಗೆ ಬಾಯಿ ಬಿಡುತ್ತಿರಲಿಲ್ಲ, ನಾನೂ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದೆ. ಒಂಟಿ ಹೆಂಗಸಿನ ಪಕ್ಕದ ಸೀಟನ್ನು ಇನ್ನೊಬ್ಬ ಹೆಂಗಸು ಹುಡುಕಿಕೊಂಡು ಬರುತ್ತಾಳೆ. ಇದು ನನಗೆ ಗೊತ್ತಿರಲಿಲ್ಲ.

ಬಾದಾಮಿಯಲ್ಲಿ ಇಳಿದು ಹೋದ ಮೊದಲ ಲಾಡ್ಜಿನಲ್ಲಿ "ಸಿಂಗಲ್ ಲೇಡೀಸಿಗೆ ಕೊಡಲ್ಲ ಮೇಡಂ" ಅಂದರು. ಗುರುತಿನ ಚೀಟಿ ಇದೆ, ಬಾಡಿಗೆ ಮುಂಗಡ ಕೊಡುತ್ತೇನೆ ಅಂದರೂ ಅದೇ ಮಾತು. ಇದು ಎಲ್ಲೂ ಆಗಬಾರದು. ಕೋಣೆ ಇದ್ದೂ ಇಲ್ಲ ಅನ್ನುವುದಕ್ಕೆ ಹೆಂಗಸು ಒಬ್ಬಳೇ ಬಂದಿದ್ದಾಳೆ ಅನ್ನುವುದು ಕಾರಣವೇ ಅಲ್ಲ. ಅಲ್ಲಿ ನಿಂತು ವಾದಿಸುವ ಬದಲು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಚಾಲುಕ್ಯಕ್ಕೆ ಆಟೋ ಹತ್ತಿದೆ. ಆಧಾರ್ ನೋಡಿದರು, ರಿಜಿಸ್ಟರ್ ಮುಂದಿಟ್ಟರು. ಒಟ್ಟು ಎಷ್ಟು ಜನ ಅನ್ನುವ ಕಡೆ ಒಂದು ಅಂತ ಬರೆದು ಸಹಿ ಹಾಕಿದೆ.

ಭಯವಾಗಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಆಯಿತು. ರಾತ್ರಿ ಚಿಲಕ ಹಾಕಿದ ಮೇಲೂ ಕುರ್ಚಿಯನ್ನು ಬಾಗಿಲಿಗೆ ಒತ್ತಿ ಇಟ್ಟೆ. ಕತ್ತಲಾಗುವ ಮೊದಲು ಕೋಣೆ ಸೇರಬೇಕು ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಫೋನಿನಲ್ಲಿ 112 ಮೇಲೆಯೇ ಇತ್ತು. ಹತ್ತಿದ ಆಟೋ ನಂಬರಿನ ಫೋಟೋ ಮಗನಿಗೆ ಹೋಗುತ್ತಿತ್ತು. ಭಯ ಹೋಗಬೇಕು, ಆಮೇಲೆ ಹೊರಡುತ್ತೇನೆ ಎಂದು ಕೂತರೆ ಯಾರೂ ಹೊರಡುವುದಿಲ್ಲ. ಅದಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಂಡೆ, ಅದರ ಪಾಡಿಗೆ ಅದು ಇತ್ತು, ನನ್ನ ಪಾಡಿಗೆ ನಾನು ನೋಡಿದೆ.

ಮತ್ತು ನಿಜವಾಗಿ ನೋಡಿದೆ! ಮೂರನೆಯ ಗುಹೆಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಚಾಲುಕ್ಯರ ಮಂಗಳೇಶ ಮಾಡಿಸಿದ ವಿಷ್ಣುವಿನ ಗುಹೆ ಅದು, ಶಾಸನದ ಪ್ರಕಾರ ಕ್ರಿ.ಶ. 578ರದ್ದು. ಹಜಾರದ ಒಂದು ಕೊನೆಗೆ ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣು. ಮಲಗಿದ ವಿಷ್ಣುವನ್ನೇ ನೋಡಿ ಅಭ್ಯಾಸವಾದ ನನಗೆ ಹಾವಿನ ಸಿಂಹಾಸನದ ಮೇಲೆ ನೆಟ್ಟಗೆ ಕೂತವನನ್ನು ನೋಡುವುದೇ ಹೊಸದು. ಇನ್ನೊಂದು ಕಡೆ ಕಾಲೆತ್ತಿದ ತ್ರಿವಿಕ್ರಮ. ಇವೆರಡನ್ನೂ ಗೈಡ್ ತೋರಿಸುತ್ತಾರೆ, ಫೋಟೋಗಳಲ್ಲೂ ಇವೆ. ನಾನು ಹೆಚ್ಚು ಹೊತ್ತು ನಿಂತದ್ದು ಕಂಬಗಳ ಮೇಲ್ಗಡೆ, ಸೂರನ್ನು ಹೊತ್ತ ಚಾಚುಗಳಲ್ಲಿರುವ ಜೋಡಿಗಳ ಕೆಳಗೆ. ಪ್ರತಿ ಜೋಡಿಯ ಮೇಲೂ ಒಂದು ಮರ ಬಾಗಿದೆ. ಒಬ್ಬಳು ತನ್ನ ಭಾರವನ್ನೆಲ್ಲ ಗಂಡನ ಹೆಗಲಿಗೆ ಬಿಟ್ಟು ಒಂದು ಕಾಲು ಸಡಿಲ ಮಾಡಿ ನಿಂತಿದ್ದಾಳೆ. ಯಾವ ಅವಸರವೂ ಇಲ್ಲ ಅವಳಿಗೆ. ಸೊಂಟ ಒಂದು ಕಡೆಗೆ ವಾಲಿದೆ, ಕಣ್ಣು ಅರ್ಧ ಮುಚ್ಚಿದೆ. ಕಲ್ಲು ಕೆಂಪು ಮರಳುಗಲ್ಲು, ಅದರೊಳಗೆ ಪದರ ಪದರವಾಗಿ ಬೇರೆ ಬೇರೆ ಬಣ್ಣದ ಗೆರೆಗಳು ಹಾದುಹೋಗಿವೆ. ಗುಹೆಯ ಸೂರಿನ ಒಳಮೈಯಲ್ಲಿ ಒಂದು ಕಾಲದಲ್ಲಿ ಬರೆದಿದ್ದ ಚಿತ್ರಗಳ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಅದು ಕಾಣುವುದೇ ಇಲ್ಲ, ತಲೆ ಎತ್ತಿಕೊಂಡು ಕಾಯಬೇಕು. ಹಿಂದಿನ ಸಲ ನನಗೆ ಕಾಯಲು ಯಾರು ಬಿಟ್ಟಿದ್ದರು? ಕೆಳಗಿಂದ ಶಾಲೆ ಮಕ್ಕಳ ಗುಂಪು ಬಂತು, ಗದ್ದಲ ಮಾಡಿ ಹೋಯಿತು. ಇನ್ನೊಂದು ಕುಟುಂಬ ಬಂತು. ಅದರಲ್ಲಿ ಒಬ್ಬ ಹೆಂಗಸು ಬ್ಯಾಗು, ನೀರಿನ ಬಾಟಲಿ, ಮಗುವಿನ ಸ್ವೆಟರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು ಅವಳ ಬ್ಯಾಗು ಇಸಿದುಕೊಂಡು, ಹೋಗಿ ಮೇಲ್ಗಡೆ ನೋಡಿ ಬಾರಮ್ಮ ಅಂದೆ. ಹೋದಳು. ಸ್ವಲ್ಪ ಹೊತ್ತು ನಿಂತು ನೋಡಿಯೇ ಬಂದಳು.

ಆಗಲೇ ಹೊಟ್ಟೆ ಚುರುಗುಟ್ಟಿತು. ಗಂಟೆ ನೋಡಿದರೆ ಹನ್ನೊಂದೂಕಾಲು. ಮರುದಿನವೂ ಅದೇ ಹೊತ್ತು. ಮನೆಯಲ್ಲಿ ಒಂದೂವರೆಗೆ ಊಟ, ಏಕೆಂದರೆ ನಮ್ಮವರು ಬರುವುದು ಆಗ. ಅದಕ್ಕೆ ಮುಂಚೆ ಅತ್ತೆಯ ಮಾತ್ರೆಗೆ ತಕ್ಕಂತೆ, ಅದಕ್ಕೂ ಮುಂಚೆ ಮಗನ ಸ್ಕೂಲಿಗೆ ತಕ್ಕಂತೆ. ಇಷ್ಟು ವರ್ಷ ಹನ್ನೊಂದೂಕಾಲಿಗೆ ನನಗೆ ಬರುತ್ತಿದ್ದ ಸಿಟ್ಟು, ತಲೆನೋವು ಬರೀ ಹಸಿವು ಅಂತ ಅಲ್ಲಿ ಗೊತ್ತಾಯಿತು. ಚಿಕ್ಕ ಸಂಗತಿ ಅನಿಸಬಹುದು. ನನಗೆ ಇಡೀ ಪ್ರವಾಸದ ದೊಡ್ಡ ಲಾಭ ಇದೇ.

ಆ ಹಸಿವಿಗೆ ಸಿಕ್ಕಿದ್ದು ಬನಶಂಕರಿಯ ರೊಟ್ಟಿ. ಬಾದಾಮಿಯಿಂದ ಐದು ಕಿಲೋಮೀಟರ್. ಗುಡಿಯ ಹತ್ತಿರ ಬುಟ್ಟಿ ಹೊತ್ತ ಹೆಂಗಸರು "ಬರ್ರಿ ಅಕ್ಕಾರ, ರೊಟ್ಟಿ ಊಟ ಮಾಡ್ರಿ" ಅಂತ ಕರೆಯುತ್ತಾರೆ. ಒಬ್ಬರ ಮುಂದೆ ಕೂತೆ. ಕೈಯಲ್ಲಿ ಎರಡು ಜೋಳದ ರೊಟ್ಟಿ ಇಟ್ಟು, ಅದರ ಮೇಲೇ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪುಮೆಣಸಿನ ಚಟ್ನಿ, ಹಸಿ ಈರುಳ್ಳಿ, ಮಣ್ಣಿನ ಕುಡಿಕೆಯ ಗಟ್ಟಿ ಮೊಸರು. "ಒಬ್ಬಾಕೀನ ಬಂದೀರೇನು? ಮನ್ಯಾಗ ಎಲ್ಲಾ ಅರಾಮದಾರಲ್ಲಾ?" ಎಂದು ಕೇಳಿದರು. ಎಲ್ಲ ಆರಾಮ ಇದ್ದಾರೆ, ನಾನು ನೋಡಲು ಬಂದೆ ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಛಲೋ ಆತು ಬಿಡ್ರಿ, ಬಿಸಿಲಾಗ ಕುಂದರಬ್ಯಾಡ್ರಿ, ಈ ಕಡೆ ಸರೀರಿ" ಅಂತ ತಮ್ಮ ನೆರಳಿನ ಜಾಗದಲ್ಲಿ ಅರ್ಧ ಕೊಟ್ಟರು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಬುಟ್ಟಿ ಹೊತ್ತು ಬಸ್ಸಿಗೆ ಬಂದು, ಎಲ್ಲ ಖರ್ಚಾಗುವ ತನಕ ಕೂರುವವರು ಅವರು. ದಿನವೂ ಒಬ್ಬರೇ ಬಂದು ಒಬ್ಬರೇ ಹೋಗುತ್ತಾರೆ. ದುಡಿಯುವ ಹೆಂಗಸು ಒಬ್ಬಳೇ ಓಡಾಡಿದರೆ ಯಾರಿಗೂ ಏನೂ ಅನಿಸುವುದಿಲ್ಲ. ನೋಡಲು ಹೊರಟವಳನ್ನೇ ಜನ ನಿಲ್ಲಿಸಿ ಕೇಳುವುದು.

ಪಟ್ಟದಕಲ್ಲಿಗೆ ಬಾದಾಮಿಯಿಂದ ಇಪ್ಪತ್ತೆರಡು ಕಿಲೋಮೀಟರ್, ಬಸ್ಸಿದೆ. 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಅದರ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ. ನನಗೆ ಇಷ್ಟವಾದ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಅಲ್ಲಿರುವ ದೊಡ್ಡ ಗುಡಿ ವಿರೂಪಾಕ್ಷ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅದನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅದರ ಪಕ್ಕದಲ್ಲೇ ಅದೇ ಮಾದರಿಯ ಮಲ್ಲಿಕಾರ್ಜುನ ಗುಡಿ, ಅದು ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಎಂಟನೆಯ ಶತಮಾನದಲ್ಲಿ ಅಕ್ಕ ತಂಗಿ ಅಕ್ಕಪಕ್ಕ ನಿಲ್ಲಿಸಿದ ಎರಡು ಗುಡಿ. ಅಕ್ಕನ ಗುಡಿಯ ಕಂಬವೊಂದರಲ್ಲಿ ರಾವಣ ಸೀತೆಯನ್ನು ಒಯ್ಯುವಾಗ ಜಟಾಯು ಅಡ್ಡ ಬಂದ ಕೆತ್ತನೆ ಇದೆ. ಕಾವಲುಗಾರರು ತಾವಾಗಿ ಬಂದು ಅದನ್ನು ತೋರಿಸಿದರು, ಆಮೇಲೆ ನನ್ನ ಪಾಡಿಗೆ ಬಿಟ್ಟು ಹೋದರು. ಎರಡೂ ಗುಡಿ ಸುತ್ತಿದ ಮೇಲೆ ಮಲಪ್ರಭೆಯ ದಂಡೆಯಲ್ಲಿ ಕೂತೆ. ಅಲ್ಲಿ ನದಿ ಉತ್ತರಕ್ಕೆ ಹರಿಯುತ್ತದೆ. ಬಸ್ಸು ಹೋಯಿತು. ಮುಂದಿನದಕ್ಕೆ ಹೋದರಾಯಿತು ಅಂತ ಕೂತೇ ಇದ್ದೆ, ಆ ನಿರ್ಧಾರಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಐಹೊಳೆಗೆ ಹೋಗಲಿಲ್ಲ. ಬಾದಾಮಿಗೆ ಹೋಗಿ ಐಹೊಳೆ ಬಿಟ್ಟು ಬಂದೆಯಾ ಅಂತ ಬಹಳ ಜನ ಹೇಳಿದರು. ಆ ದಿನ ನನಗೆ ಅಗಸ್ತ್ಯತೀರ್ಥದ ದಂಡೆ ಸುತ್ತಬೇಕು ಅನಿಸಿತ್ತು. ಕೆರೆಯ ಮೆಟ್ಟಿಲ ಮೇಲೆ ಊರ ಹೆಂಗಸರು ಬಟ್ಟೆ ಒಗೆಯುತ್ತಾರೆ. ಆ ಸದ್ದು ಎದುರಿನ ಬಂಡೆಗೆ ಬಡಿದು ಒಂದು ಗಳಿಗೆ ತಡವಾಗಿ ವಾಪಸು ಬರುತ್ತದೆ. ಭೂತನಾಥನ ಗುಡಿಯ ತನಕ ನಡೆದು, ಕೆರೆಯ ಈಶಾನ್ಯಕ್ಕಿರುವ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ ನೋಡಿದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ. ಕಲ್ಲಿನ ಮೇಲಿನ ಅಕ್ಷರ ನನಗೆ ಓದಲು ಬರಲಿಲ್ಲ. ಆದರೆ ಬಾಯಲ್ಲಿ ಹೇಳಿಕೊಂಡೆ, ಪೂರ್ತಿ ಬಂತು. ಮೇಷ್ಟ್ರು ಹೊಡೆದು ಕಲಿಸಿದ್ದು ಇಷ್ಟು ವರ್ಷ ಒಳಗೇ ಇತ್ತಲ್ಲ ಅಂತ ಸಂತೋಷವಾಯಿತು.

ಊರಿಗೆ ಬಂದ ಮೇಲೆ ಬದಲಾದದ್ದು ಎರಡು. ಒಂದು, ಹನ್ನೊಂದೂಕಾಲಿಗೆ ನಾನು ಊಟ ಮಾಡುತ್ತೇನೆ, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ. ಮನೆಯಲ್ಲಿರುವ ದಿನವೂ ಅಷ್ಟೇ, ಒಬ್ಬಳೇ ಬಡಿಸಿಕೊಂಡು ಉಣ್ಣುತ್ತೇನೆ. ಮೊದಮೊದಲು ನಮ್ಮವರಿಗೆ ವಿಚಿತ್ರ ಅನಿಸಿತು, ಈಗ ಅವರೇ "ನಿಂದು ಊಟ ಆಯ್ತಲ್ಲ" ಅಂತ ತಟ್ಟೆ ಹಾಕಿಕೊಳ್ಳುತ್ತಾರೆ. ಇನ್ನೊಂದು, ಬೇಕೋ ಬೇಡವೋ ಅಂತ ಯಾರಾದರೂ ಕೇಳಿದರೆ "ನಿಮಗೆ ಹೇಗೆ ಅನಿಸುತ್ತೋ ಹಾಗೆ" ಅನ್ನುವ ಉತ್ತರ ಬಾಯಿಗೆ ಬರುವುದಿಲ್ಲ. ಏನು ಬೇಕು ಅಂತ ಒಂದು ಕ್ಷಣ ಯೋಚಿಸುತ್ತೇನೆ, ಹೇಳುತ್ತೇನೆ. ಪರದೆ ಬಟ್ಟೆಯ ಬಣ್ಣದಿಂದ ಹಿಡಿದು ಪಿಎಫ್ ದುಡ್ಡು ಎಲ್ಲಿಡಬೇಕು ಅನ್ನುವವರೆಗೆ.

ಮುಂದೆ ಲಕ್ಕುಂಡಿಗೆ ಹೋಗಬೇಕು. ಗದಗಿನಿಂದ ಹನ್ನೆರಡು ಕಿಲೋಮೀಟರ್, ಬೆಳಿಗ್ಗೆ ದಾವಣಗೆರೆ ಬಿಟ್ಟರೆ ಮಧ್ಯಾಹ್ನಕ್ಕೆ ಅಲ್ಲಿರಬಹುದು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದವಳು ಅವಳೇ. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ನಾನೂ ಬರಲಾ ಅಂತ ಕೇಳಿದಳು. ಬೇಡ, ನಾನು ಬಂದ ಮೇಲೆ ಇನ್ನೊಂದು ವಾರ ನೀನು ಹೋಗು ಅಂದೆ. ಬಸ್ಸಿನ ಸಮಯವನ್ನೂ, ಎಲ್ಲಿ ಇಳಿಯಬೇಕು ಅನ್ನುವುದನ್ನೂ ಬರೆದು ಕೊಡುತ್ತೇನೆ. ಗುಡಿಯಲ್ಲಿ ಏನು ನೋಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.